ಮಾಸಿಕಗಳ ಮೇಲಿನ ಕುಂಕುಮ

ಹುಮನಾಬಾದ

ಚಿ. ರೂಪಾಲಿಗೆ ಮಾವನ ಆಶೀರ್ವಾದ.

ನಿನ್ನ ಗಂಡ, ನಮ್ಮ ಸಂಜೀವ ತೀರಿಕೊಂಡ ಮೇಲೆ ನೀನು ತವರಿಗೆ ಒಯ್ದು ರದ್ದಿಗೆ ಹಾಕಿದ ಅವನ ಹಳೆಯ ವಿಜ್ಞಾನ ಕಥೆಗಳ ಮಾಸಿಕಗಳು ಕೈಯಿಂದ ಕೈಗೆ ದಾಟಿ ನನ್ನ ರದ್ದಿ ಅಂಗಡಿಗೇ ಬಂದಿವೆ. ಬೇಜಾರಾಗಬೇಡ, ಈ ಕಡೆಯ ರದ್ದಿಗೆ ಬೇರೆ ದಾರಿಯಿಲ್ಲ. ಅವುಗಳ ಮೇಲೆ ಅವನ ಹೆಸರಿರಲಿಲ್ಲ, ಕುಂಕುಮದಿಂದ ಗುರುತು ಸಿಕ್ಕಿತು. ಶಾಲೆಯ ಪುಸ್ತಕಗಳೆಂದು ತಿಳಿದು ನಿನ್ನ ಅತ್ತೆ ದಸರೆಯ ಪೂಜೆಯಲ್ಲಿ ಅವಕ್ಕೂ ಹಚ್ಚುತ್ತಿದ್ದಳು.

ಕಲ್ಯಾಣದ ಸಂಗ್ರಾಹಕರೊಬ್ಬರು ಕೊಳ್ಳಲು ಬಂದಿದ್ದರು. "ಹಿಂದಿನ ಮಾಲಕರು ಯಾರ್ರೀ? ಹೆಸರು ಬರಕೋಬೇಕು. ಈ ಕಲೆ ಒರಸಿ ಕೊಡ್ರಿ" ಎಂದರು. "ಮಾಲಕರನ್ನ ಹುಡುಕಾಕತ್ತೇನ್ರಿ" ಎಂದು ಸಾಗಹಾಕಿದೆ. ಮಾತಿನಲ್ಲೇ ಅಂಗಡಿ ಕಟ್ಟಿದ ನನಗೆ ಆಗ ಅಷ್ಟೇ ಹೊಳೆಯಿತು.

ಅತ್ತೆಗೆ ಇನ್ನೂ ತೋರಿಸಿಲ್ಲ. ಆ ಸಂಗ್ರಾಹಕರಿಗೆ ಕೊಡಲೋ ಬೇಡವೋ, ನೀನೇ ತಿಳಿಸು. ನಿನ್ನ ಉತ್ತರ ಬರುವವರೆಗೆ ತಕ್ಕಡಿಗೆ ಏರಿಸುವುದಿಲ್ಲ. ಕೊಟ್ಟರೂ ಕುಂಕುಮ ಒರೆಸುವುದಿಲ್ಲ.

ಇಂತಿ ನಿನ್ನ ಮಾವ,
ಕಾಶಿರಾಮ