ಅಣ್ಣನ ಕಾಲು, ನನ್ನ ಬೆಳ್ಳುಳ್ಳಿ

ಮಾರ್ಚ್ 3, ಬೆಳಿಗ್ಗೆ
ಇವತ್ತೂ ಹಸಿ ಬೆಳ್ಳುಳ್ಳಿ ಜಗಿದೇ ಅಂಗಡಿ ತೆರೆದೆ. ಪಂಕ್ಚರ್ ಹಾಕಿಸಲು ಬಂದವರು ಒಂದು ಮಾರು ದೂರ ನಿಲ್ಲುತ್ತಾರೆ. ನಿಲ್ಲಲಿ. ನೆಗಡಿಯೂ ಅಷ್ಟೇ ದೂರ. ಈ ಬೀದಿಯಲ್ಲಿ ಮೂಗು ಸೋರದ ಗಂಡಸು ನಾನೊಬ್ಬನೇ.

ಅಣ್ಣನ ಹಿಮ್ಮಡಿಯ ಗಾಯ ಇನ್ನೂ ಹಸಿ. ಸಕ್ಕರೆ ಕಾಯಿಲೆ ಬೇರೆ. ಹೊಲಿಗೆ ಮೆಷಿನ್ ಒಂದೇ ಕಾಲಲ್ಲಿ ತುಳಿಯುತ್ತಾನೆ. ಅತ್ತಿಗೆ ಆಸ್ಪತ್ರೆ ಎಂದು ಬಾಯಿ ತೆಗೆದರೆ, "ತಮ್ಮ ಇದಾನಲ್ಲ, ಅವನೇ ವಾಸಿ ಮಾಡ್ತಾನಂತೆ" ಅನ್ನುತ್ತಾನೆ. ನಾನು ಕೊಚ್ಚಿಕೊಂಡದ್ದನ್ನೆಲ್ಲ ನಂಬುವ ಪ್ರಾಣಿ ಅವನೊಬ್ಬನೇ.

ಮಾರ್ಚ್ 5
ಅಣ್ಣನ ಮಗಳಿಗೆ ಲ್ಯಾಬ್‌ನಲ್ಲಿ ಕೆಲಸ. ಕೀಟಾಣು ಬೆಳೆಸುವ ತಟ್ಟೆಯಲ್ಲಿ ಬೆಳ್ಳುಳ್ಳಿ ಇಟ್ಟು ನೋಡು ಎಂದು ಬೆನ್ನು ಹತ್ತಿದ್ದೆ. ಇವತ್ತು ಮೊಬೈಲ್‌ನಲ್ಲಿ ಫೋಟೋ ತಂದಳು. ಇಡೀ ಎಸಳಿನ ಪಕ್ಕ ಕೀಟಾಣುಗಳು ಹಾಯಾಗಿ ಸಂಸಾರ ಹೂಡಿವೆ. ಬೇಯಿಸಿದ್ದಕ್ಕೂ ಕ್ಯಾರೇ ಅಂದಿಲ್ಲ. ಜಜ್ಜಿದ್ದರ ಸುತ್ತ ಮಾತ್ರ ದುಂಡಗೆ ಬೋಳು — ನನ್ನ ನೆತ್ತಿಯ ಹಾಗೆ.

"ಜಜ್ಜಿದ್ರೆ ಮಾತ್ರ ಯಾಕೆ?"

"ಜಜ್ಜಿದಾಗ ಒಳಗಿನ ಎರಡು ವಸ್ತು ಸೇರ್ಕೊಂಡು ಆ ಘಾಟು ಹುಟ್ಟತ್ತೆ ಚಿಕ್ಕಪ್ಪ. ಕೀಟಾಣು ಸಾಯೋದು ಅದಕ್ಕೆ. ಮೊದಲೇ ಬೇಯಿಸಿದ್ರೆ ಅದು ಹುಟ್ಟೋದೇ ಇಲ್ಲ."

ಏಟು ಬಿದ್ದ ಮೇಲೆ ಮದ್ದಾಗುವುದು... ಎಂಥ ಸೋಜಿಗ.

"ಆದ್ರೆ ಇದು ತಟ್ಟೆ, ಅಪ್ಪನ ಕಾಲಲ್ಲ. ಹಚ್ಚೋಕೆ ಹೋಗ್ಬೇಡಿ."

ಓದಿದವರಿಗೆ ಅನುಮಾನ ಜಾಸ್ತಿ. ಅಣ್ಣನಿಗೆ ಹೇಳಿಬಿಟ್ಟೆ — ಭಾನುವಾರ ಜಜ್ಜಿ ಗಾಯಕ್ಕೆ ಕಟ್ಟುತ್ತೇನೆ.

ಮಾರ್ಚ್ 6, ಸಂಜೆ
ಆದರೂ ಒಂದು ಹುಳ ಕೊರೆಯುತ್ತಿದೆ. ಚರ್ಮದ ಮೇಲೆ ಅದು ಏನು ಮಾಡುತ್ತದೆ? ಪ್ಯಾಚ್ ಹಾಕಿದ ಟ್ಯೂಬನ್ನು ನೀರಲ್ಲಿ ಮುಳುಗಿಸಿ ನೋಡದೆ ಗಿರಾಕಿಗೆ ಕೊಟ್ಟವನಲ್ಲ ನಾನು. ಬೆಳ್ಳುಳ್ಳಿ ಜಜ್ಜಿ ನನ್ನ ಮೊಣಕೈ ಕೆಳಗೆ ಮೆತ್ತಿದೆ. ಹಳೇ ಟ್ಯೂಬಿನ ತುಂಡಿನಿಂದ ಬಿಗಿದೆ. ಚುರುಚುರು ಅನ್ನುತ್ತಿದೆ. ಕೆಲಸ ಶುರು ಮಾಡಿದೆ ಎಂದೇ ಅರ್ಥ.

ಮಾರ್ಚ್ 7
ಬಿಚ್ಚಿದೆ. ಬೊಬ್ಬೆ ಎದ್ದಿದೆ. ಕಾದ ಸೈಲೆನ್ಸರ್ ತಗುಲಿದ ಹಾಗೆ. ಗಟ್ಟಿ ಚರ್ಮಕ್ಕೇ ಹೀಗಾದರೆ ಹಸಿ ಗಾಯಕ್ಕೆ... ನನಗಾದರೂ ಉರಿ ತಿಳಿಯಿತು. ಅಣ್ಣನ ಹಿಮ್ಮಡಿಗೆ ಸ್ಪರ್ಶವೇ ಇಲ್ಲ. ಸುಟ್ಟರೂ ಗೊತ್ತಾಗುತ್ತಿರಲಿಲ್ಲ. "ಹಾಯಾಗಿದೆ ಕಣೋ" ಅನ್ನುತ್ತಿದ್ದ.

ಉದ್ದ ತೋಳಿನ ಅಂಗಿ ಹಾಕಿಕೊಂಡೆ.

ಮಾರ್ಚ್ 8, ಭಾನುವಾರ
ಅಣ್ಣ ಸ್ಟೂಲ್ ಮೇಲೆ ಕಾಲು ಚಾಚಿ ಕೂತಿದ್ದ. "ಹಚ್ಚಪ್ಪಾ ಧನ್ವಂತರಿ."

ತೋಳು ಮೇಲೆ ಸರಿಸಿ ತೋರಿಸಿದೆ. ಕತ್ತು ಚಾಚಿ ನೋಡಿದ.

"ನನ್ನ ಕಾಲಿನ ಮದ್ದು ನಿನ್ನ ಕೈಗ್ಯಾಕೆ ಹೋಯ್ತು?"

"ಲೀಕ್ ಚೆಕ್. ಲೀಕ್ ಇದೆ. ಆಸ್ಪತ್ರೆಗೆ ನಡಿ."

"ನೀನೂ ತೋರಿಸ್ಕೊಳ್ಳೋದಾದ್ರೆ ಬರ್ತೀನಿ."

ಅತ್ತಿಗೆ ಆಗಲೇ ಚಪ್ಪಲಿ ಮೆಟ್ಟಿಯಾಗಿತ್ತು.

ಮಾರ್ಚ್ 14
ಇಷ್ಟು ದಿನ ಆಸ್ಪತ್ರೆಗೆ ಓಡಾಟ. ಇನ್ನೂ ತಡ ಮಾಡಿದ್ದರೆ ಪಾದವೇ ಹೋಗುತ್ತಿತ್ತಂತೆ. ಈಗ ಗಾಯದ ಅಂಚು ಕೆಂಪಗೆ ಕೂಡಿಕೊಳ್ಳುತ್ತಿದೆ. ಉಳಿಸಿದ್ದು ನನ್ನ ಬೆಳ್ಳುಳ್ಳಿಯೇ — ಬೇರೆ ದಾರಿಯಲ್ಲಿ. ಇದನ್ನು ಬೀದಿಗೆಲ್ಲ ಹೇಳಿದ್ದೇನೆ. ಹೇಳದೆ ಬಿಟ್ಟದ್ದು ಆಸ್ಪತ್ರೆಯ ಮೊದಲ ದಿನದ್ದು. ಡಾಕ್ಟರಮ್ಮ ನನ್ನ ಕೈ ಹಿಡಿದು ಇದೇನು ಅಂದರು. ಕಾದ ಸೈಲೆನ್ಸರ್, ಅಂದೆ. ಬಗ್ಗಿ ಮೂಸಿದರು. ಅಣ್ಣ ಗೋಡೆ ಕಡೆ ತಿರುಗಿಕೊಂಡ, ಭುಜ ಕುಲುಕುತ್ತಿತ್ತು. ವಿಷಯ ಏನಪ್ಪಾ ಅಂದ್ರೆ ಡಾಕ್ಟರಮ್ಮ, ಅಂತ ಶುರು ಮಾಡಿದೆ, ಆ ಸೈಲೆನ್ಸರ್...