ಕುವಬಾರಾ ಅಜ್ಜಿಯ ಕರುಳಲ್ಲಿ ಕಂಡ ಹಸಿರು

ಒಸಾಕಾ, ಗುರುವಾರ

ಅಕ್ಕಾ,
ಕೇಳು ಈ ವೈಭವವನ್ನು! ನಮ್ಮ ಮನೆ ಕೆಳಗಿನ ನೂಡಲ್ ಅಂಗಡಿಯ ಕುವಬಾರಾ ಅಜ್ಜಿಗೆ ಹೋದ ವಾರ ಕರುಳಿನ ಗಡ್ಡೆ ತೆಗೆದರು. ನರ್ಸಾಗಿ ನಾನೂ ಒಳಗಿದ್ದೆ. ಕತ್ತರಿಸಿದ ಕರುಳಿನ ತುದಿಗಳನ್ನು ಜೋಡಿಸುವ ಮುನ್ನ ನರಕ್ಕೆ ಬಣ್ಣದ ಮದ್ದು ಕೊಟ್ಟು ದೀಪ ಆರಿಸಿದರು. ಆಹಾ! ವಿಶೇಷ ಕ್ಯಾಮೆರಾದ ಪರದೆಯ ಮೇಲೆ ರಕ್ತ ಹರಿದಲ್ಲೆಲ್ಲ ಹಸಿರು ಹೊಳಪು! ಹೊಲಿಯಬೇಕಿದ್ದ ತುದಿ ಮಾತ್ರ ಕಗ್ಗತ್ತಲು, ಅಂದರೆ ಅಲ್ಲಿಗೆ ರಕ್ತವೇ ಹೋಗುತ್ತಿಲ್ಲ. ಅಲ್ಲೇ ಹೊಲಿದರೆ ಹೊಲಿಗೆ ಸೋರಿ ಅಜ್ಜಿಯ ಜೀವಕ್ಕೇ ಕುತ್ತು. ಆದರೆ ಆ ಜಾಗ ಆರಿಸಿದವರು ದೊಡ್ಡ ಡಾಕ್ಟರು ಹತೋರಿ, ಅವರಿಗೆ ಎದುರಾಡುವವರುಂಟೇ? ಕಿರಿಯ ಡಾಕ್ಟರು ಹಲ್ಲುಸಂದಿಯಲ್ಲಿ ಉಸಿರೆಳೆದು, "ಸ್ವಲ್ಪ... ಕಷ್ಟವೇನೋ, ಗುರುಗಳೇ" ಎಂದರು. ಇಲ್ಲಿನವರ ಮಾತಲ್ಲಿ ಹಾಗಂದರೆ 'ಖಂಡಿತ ಬೇಡ' ಎಂದೇ ಅರ್ಥ.

"ತಪ್ಪು ಅನ್ನೋಕೆ ಇಷ್ಟು ನಾಚಿಕೆಯೇನಯ್ಯಾ? ಹಸಿರು ಸಿಗೋವರೆಗೂ ಕತ್ತರಿಸು!" ಎಂದು ಹತೋರಿ ನಕ್ಕೇಬಿಟ್ಟರು.

ಹೊಲಿಗೆ ಸೋರಲಿಲ್ಲ. ನೀನು ಕೇಳಿದ್ದ ನನ್ನ ಕೆಮ್ಮೂ ವಾಸಿ. ಅಜ್ಜಿ ಇವತ್ತು ಗಂಜಿ ಕುಡಿದು, "ಇದಕ್ಕೆ ಉಪ್ಪು ಹಾಕೋರು ಸತ್ತರಾ?" ಎಂದು ವಾರ್ಡೇ ನಡುಗುವಂತೆ ಗದರಿದರು. ಅಗೋ, ಮತ್ತೆ ಕೂಗುತ್ತಿದ್ದಾರೆ, ಓಡಿದೆ!

ನಿನ್ನ ತಂಗಿ
ವಾರಿಜಾ