ಅನಿಲಕುಮಾರನ ಗಿಟಾರ್

ವಿಲೆ ಪಾರ್ಲೆ, ಮುಂಬೈ
ಸೋಮವಾರ, 9 ಜೂನ್ 2025

ಮಗು ವಸಿಷ್ಠ,

ಹೇಗಿದ್ದೀಯ? ಎದೆಗೆ ಸ್ಟೀರಿಂಗ್ ಬಡಿದ ನೋವು ಇಳಿಯಿತೇ? ನೀನು ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಅಪೇಕ್ಷಾ ತಿಳಿಸಿದ್ದಾಳೆ. ಅಕ್ಕನ ಮನೆಯಲ್ಲಿ ಏನು ಸಂಕೋಚ? ಅಮ್ಮನಿಗೆ ಬಿಪಿ ಏರಿತ್ತು, ಮಾತ್ರೆ ಬದಲಾಯಿಸಿದ್ದಾರೆ. ನಿನಗೆ ಫೋನ್ ಮಾಡಕೂಡದೆಂದು ವಕೀಲರು ಹೇಳಿರುವುದರಿಂದ ಎಷ್ಟೋ ವರ್ಷಗಳ ಮೇಲೆ ಕಾಗದ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ.

ನಾನೊಂದು ಹಳೆಯ ಗಿಟಾರ್ ಕೊಂಡೆ. ಅಂಧೇರಿಯ ವಾದ್ಯದಂಗಡಿಯ ಬಾಗಿಲಲ್ಲಿ ಚೀಟಿ ಅಂಟಿಸಿದ್ದರು: ಅರವತ್ತು ವರ್ಷದ ಜರ್ಮನ್ ಗಿಟಾರ್ ಮಾರಾಟಕ್ಕಿದೆ ಎಂದು. ಕೆಳಗಿದ್ದ ಮಲಾಡಿನ ವಿಳಾಸ ಪೊಲೀಸರ ಕಾಗದದಲ್ಲಿ ನಾನು ಓದಿದ್ದ ವಿಳಾಸವೇ. ಮಾರ್ಚಿನಲ್ಲಿ ನಿನ್ನ ಕಾರಿಗೆ ಸಿಕ್ಕು ಸತ್ತನಲ್ಲ, ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಅನಿಲಕುಮಾರ, ಅವನ ಮನೆ. ಶನಿವಾರ ಲೋಕಲ್ ಹಿಡಿದು ಹೋದೆ. ಯಾಕೆ ಹೋದೆನೆಂದು ಕೇಳಬೇಡ, ನನಗೂ ಗೊತ್ತಿಲ್ಲ.

ಚಾಳಿನ ಎರಡನೇ ಮಹಡಿ. ಅವನ ತಾಯಿ ಇಂದ್ರಾಬಾಯಿ ಕಲಬುರಗಿ ಕಡೆಯವರು. ನನ್ನ ಹಿಂದಿ ಕೇಳಿಯೇ ಗುರುತು ಹಿಡಿದು, “ಕನ್ನಡದವರೇನ್ರಿ? ಕುಂದರ್ರಿ, ಚಾ ಮಾಡ್ತೀನಿ” ಎಂದರು. ಗಿಟಾರನ್ನು ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದರು. ಮುಂಭಾಗದ ಮರ ಜೇನಿನ ಬಣ್ಣಕ್ಕೆ ತಿರುಗಿದೆ. ಕುತ್ತಿಗೆಯ ಹಿಂದೆ ಹೆಬ್ಬೆರಳು ಉಜ್ಜಿ ಉಜ್ಜಿ ಮೆರುಗೆಣ್ಣೆ ಹೋಗಿ ನುಣುಪಾಗಿದೆ. “ಬಾರಿಸಾಕ ಬರೋರಿಗಷ್ಟ ಕೊಡ್ತೀನ್ರಿ. ಗ್ವಾಡಿಗೆ ತೂಗಹಾಕೋರಿಗೆ ಅಲ್ಲ” ಎಂದು ನನ್ನ ಕೈಗೇ ಕೊಟ್ಟರು. ಕಾಲೇಜಿನಲ್ಲಿ ಕಲಿತದ್ದು, ನೀನು ಗೇಲಿ ಮಾಡುತ್ತಿದ್ದೆಯಲ್ಲ, ಅಷ್ಟನ್ನೇ ನುಡಿಸಿದೆ. ದಪ್ಪ ತಂತಿ ಮೀಟಿದರೆ ಅದರ ದನಿ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ ಕಣೋ. ಹೊಸ ಗಿಟಾರಿನಲ್ಲಿ ಅದಿಲ್ಲ. ವರ್ಷಗಟ್ಟಲೆ ಯಾರೋ ಪ್ರೀತಿಯಿಂದ ನುಡಿಸಿದ ಮರಕ್ಕೆ ಮಾತ್ರ ಅದು ಬರುತ್ತದೆ. ನನ್ನಂಥ ಒರಟು ಬೆರಳಿಗೂ ಅದು ಅಷ್ಟು ಚೆನ್ನಾಗಿ ಒಲಿಯಿತಲ್ಲ, ಅದನ್ನೇ ತಡೆದುಕೊಳ್ಳಲಾಗಲಿಲ್ಲ.

ಇಂದ್ರಾಬಾಯಿ ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ ಮೆಲ್ಲಗೆ, “ಆ ಡ್ರೈವರ್‌ನ ಕೈ ಸೇದಿ ಹೋಗ್ಲಿ. ಅವನ ಮಕ್ಳು ಅಪ್ಪನ ಮಾರಿ ಕಾಣದಂಗ ಬೆಳೀಲಿ” ಎಂದರು. ಭೀಮರಾಯನಿಗೆ ಇಬ್ಬರು ಹೆಣ್ಣುಮಕ್ಕಳು. ಹನ್ನೊಂದು ವರ್ಷ ನಮ್ಮ ಕಾರು ಓಡಿಸಿದವನು, ಆ ದಿನ ಊರಲ್ಲೇ ಇರದಿದ್ದವನು, ನಾನು ಕೈಮುಗಿದೆನೆಂದು ನಿನ್ನ ತಪ್ಪು ಹೊತ್ತು ಜೈಲಿನಲ್ಲಿ ಕೂತಿದ್ದಾನೆ. ಶಾಪ ಅವನಿಗಲ್ಲಮ್ಮ ಎಂಬ ಮಾತು ಬಾಯಿಯವರೆಗೆ ಬಂತು. ಚಹಾ ಕುಡಿದೆ. ಕೇಳಿದ್ದಕ್ಕಿಂತ ಹೆಚ್ಚು ಕೊಡಲು ಹೋದರೆ ಆಕೆ ತೆಗೆದುಕೊಳ್ಳಲಿಲ್ಲ. “ಚಂದ ಬಾರಸ್ತೀರಿ, ದೇವ್ರು ನಿಮ್ಮ ಮಕ್ಕಳನ್ನ ಚಂದ ಇಟ್ಟಿರ್ಲಿ” ಎಂದು ಮೆಟ್ಟಿಲವರೆಗೆ ಬಂದು ಕಳಿಸಿದರು.

ಯಾರ ಗಿಟಾರೆಂದು ನಿನ್ನಮ್ಮನಿಗೆ ಹೇಳಿದೆ. ಅಂದಿನಿಂದ ಅಲಮೇಲು ನನ್ನೊಡನೆ ಮಾತಾಡಿಲ್ಲ. ನನಗೂ ಅದನ್ನು ಮತ್ತೆ ಮುಟ್ಟಲಾಗಿಲ್ಲ.

ಅಪೇಕ್ಷಾಳಿಗೂ ಅಳಿಯಂದಿರಿಗೂ ನಮ್ಮ ನೆನಪು ಹೇಳು. ನಿನಗೆ ಧೈರ್ಯ ಬರಲಿ ಎಂದಷ್ಟೇ ಹರಸುತ್ತೇನೆ.

ನಿನ್ನ ಅಪ್ಪ,
ನಾಣಿ

ತಾ.ಕ.: ಕೊರಿಯರ್ ನಿನಗೆ ಬುಧವಾರ ಮುಟ್ಟುತ್ತದಂತೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಾನು ಪೊಲೀಸ್ ಠಾಣೆಗೆ ಹೋಗಿ ಎಲ್ಲವನ್ನೂ ಹೇಳುತ್ತೇನೆ, ನನ್ನ ಪಾಲಿನದನ್ನೂ ಸೇರಿಸಿ. ಅಷ್ಟರಲ್ಲಿ ಬಂದುಬಿಡು, ಒಟ್ಟಿಗೆ ಹೋಗೋಣ. ಬರದಿದ್ದರೆ ನಿನ್ನ ಅಕ್ಕನ ಮನೆಯ ವಿಳಾಸ ನಾನೇ ಬರೆದುಕೊಡುತ್ತೇನೆ.